ಸ್ವೀಡನ್ನಿನ ಮನಶ್ಶಾಸ್ತ್ರ ವಿಭಾಗದಲ್ಲಿ ಒಂದು ಎಮ್ಮೆ

ಹೊರಡುವ ಮುಂಚೆ: ಸಿಂಧಘಟ್ಟ

ನನಗೆ ಎಲ್ಲರ ಥರವೂ ಮಾತಾಡೋಕೆ ಬರುತ್ತದೆ. ಫುಟ್‌ಬೋರ್ಡಿನಲ್ಲಿ ನೇತಾಡುತ್ತಾ ‘ಒಳಗೋಗಿ, ಒಳಗೋಗಿ’ ಅನ್ನುವ ಕಂಡಕ್ಟರು, ಮದುವೆ ಮನೆಯಲ್ಲಿ ಮೈಕು ಸಿಕ್ಕಿದ ಸೋದರಮಾವ, ಫೋನಿನಲ್ಲಿ ‘ಅಲೋ’ ಅಂದರೆ ಫೋನೇ ಬೇಡ ಅನ್ನಿಸುವ ನಮ್ಮವ್ವ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಬರದೇ ಇರೋದು ಒಂದೇ: ಸುಮ್ಮನೆ ಕೂತವನ ಮಿಮಿಕ್ರಿ. ಆ ಒಂದು ವಿದ್ಯೆ ಬರದ ಕಾರಣ ನಾನು ಮೂರು ವಾರ ಸ್ವೀಡನ್ ನೋಡಿ ಬಂದೆ. ಅದೇ ಕಾರಣಕ್ಕೆ ಅಲ್ಲಿ ಮಾನ ಕಳೆದುಕೊಂಡೂ ಬಂದೆ.

ಮೊದಲು ಕಳ್ಳತನ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಪ್ರವಾಸ.

ನನ್ನ ಹೆಸರು ಚಂದ್ರು. ಅಪ್ಪ ಮರಗೆಲಸದವರು, ಸಿಂಧಘಟ್ಟದ ಅರ್ಧ ಮನೆಗಳ ಬಾಗಿಲು ಕಿಟಕಿ ಅವರ ಕೈಯವೇ. ನಾನು ಉಳಿ ಹಿಡಿದರೆ ಬೆರಳು ಹೋಗುತ್ತದೆಂದು ಮನಶ್ಶಾಸ್ತ್ರ ಓದಲು ಬಿಟ್ಟರು. ಎಂ.ಎ. ಮುಗಿದ ವರ್ಷ ಯೋಹಾನಾ ಅನ್ನುವ ಸಂಶೋಧಕಿ ಸ್ವೀಡನ್ನಿನಿಂದ ನಮ್ಮ ಕಡೆ ಬಂದರು. ಪಾಂಡವಪುರದಲ್ಲಿ ರೂಮು ಮಾಡಿಕೊಂಡು, ಮೂರು ತಿಂಗಳಲ್ಲಿ ಮುದ್ದೆ ನುಂಗುವುದನ್ನೂ ಒಂದಿಷ್ಟು ಕನ್ನಡವನ್ನೂ ಕಲಿತರು. ನಾನು ಅವರ ಸಹಾಯಕ. ನನಗಿಂತ ಎಂಟು ವರ್ಷ ದೊಡ್ಡವರು, ಅದಕ್ಕೇ ‘ಅಕ್ಕ’ ಅಂತಿದ್ದೆ.

ಅಕ್ಕನ ಪ್ರಶ್ನೆ ಸರಳ: ಕೇಳುವವನು ಗೋಡೆಯ ಥರ ಕೂತರೆ, ಹೇಳುವವರು ಎಷ್ಟು ಹೊತ್ತು ಹೇಳುತ್ತಾರೆ? ಸ್ವೀಡನ್ನಿನಲ್ಲಿ ಆಗಲೇ ನೋಡಿದ್ದರು. ಅಲ್ಲಿಯವರು ಬೇಗ ನಿಲ್ಲಿಸುತ್ತಾರಂತೆ. ಈಗ ನಮ್ಮವರ ಸರದಿ. ಒಂದು ಕೋಣೆ, ಎರಡು ಕುರ್ಚಿ, ಎರಡು ಮೈಕು, ಹೇಳುವವರ ಮುಖಕ್ಕೆ ಒಂದು ಕ್ಯಾಮೆರಾ. ಎದುರಿಗೆ ಗೋಡೆಯಾಗಿ ನಾನು. ತಲೆ ಆಡಿಸಬಾರದು, ನಗಬಾರದು, ಸದ್ದು ಮಾಡಬಾರದು. ಅಕ್ಕ ಹೊರಗೆ ಕೂತಿರುತ್ತಿದ್ದರು. ಮುಗಿದ ಮೇಲೆ ನಾನು ಫಾರಂ ತುಂಬಬೇಕು: ‘ಕೇಳುಗ ಯಾವ ಶಬ್ದವನ್ನೂ ಮಾಡಲಿಲ್ಲ’, ಪಕ್ಕದಲ್ಲಿ ಒಂದು ಟಿಕ್ಕು.

ಶ್ರೀರಂಗಪಟ್ಟಣದಲ್ಲಿ ಮೊದಲ ನಾಲ್ಕು ಜನರ ಎದುರು ನಾನು ಅಪ್ಪಟ ಗೋಡೆ. ನಾಲ್ವರೂ ಕೈಕೊಟ್ಟರು. ಒಬ್ಬ ಅಜ್ಜಿ ಎರಡು ನಿಮಿಷ ತನ್ನ ನಾದಿನಿಯ ವಿಷಯ ಹೇಳಿ, ಎದ್ದು ಹೊರಗೆ ಹೋಗಿ ಅಕ್ಕನನ್ನೇ ಕೇಳಿತು: “ಅಲ್ಲ ಕನವ್ವ, ಆ ಉಡ್ಗುಂಗೆ ಕಿವಿ ಕೇಳ್ಸಾಕಿಲ್ವಾ, ಇಲ್ಲಾ ನನ್ ಮ್ಯಾಲೆ ಮುನಿಸ್ಕಂಡವ್ನಾ?”

ಅಕ್ಕ ಆ ನಾಲ್ಕನ್ನೂ ‘ಅಪೂರ್ಣ’ ಅಂತ ಬೇರೆ ಡಬ್ಬಕ್ಕೆ ಹಾಕಿದರು. ಅವರ ಮುಖ ಸಣ್ಣಗಾಯಿತು. ನನಗೂ ಕೆಲಸ ಹೋಗುತ್ತದೆಂಬ ಭಯ.

ಐದನೆಯವರು ನಮ್ಮೂರಿನ ಚಿಕ್ಕೇಗೌಡರು. ಕಳೆದುಹೋದ ಹೋರಿಯನ್ನು ಬೆಳ್ಳೂರು ಕ್ರಾಸಿನತನಕ ಹುಡುಕಿಕೊಂಡು ಹೋದ ಕತೆ ಶುರು ಮಾಡಿ, ನಾಗಮಂಗಲ ದಾಟುವ ಮೊದಲೇ ನಿಲ್ಲಿಸಿಬಿಟ್ಟರು.

“ಯಾಕ್ಲಾ ಇಂಗೆ ಕುಂತಿದ್ದೀಯೆ, ಕಲ್ಗಂಬ? ಊಂ ಅನ್ಲಾ. ಊಂ ಅನ್ನೋರಿಲ್ದೆ ಕತೆ ಹೇಳಕ್ಕೆ ನಂಗೇನು ತಲೆ ಕೆಟ್ಟೈತಾ?”

ನೀವೇ ಹೇಳಿ. ತೊಟ್ಟಿಲಲ್ಲಿ ಇದ್ದಾಗಿನಿಂದ ನಮಗೆ ಅಜ್ಜಿಯರು ಕತೆ ಹೇಳಿರುವುದು ಹೂಂಗುಟ್ಟಿದರೆ ಮಾತ್ರ. ಹೂಂ ನಿಂತರೆ ಮಗು ಮಲಗಿತು ಅಂತ ರಾಜಕುಮಾರನನ್ನು ಕಾಡಲ್ಲೇ ಬಿಟ್ಟು ಎದ್ದು ಹೋಗುತ್ತಿದ್ದರು. ನಾನು ತುಟಿ ಬಿಚ್ಚಲಿಲ್ಲ, ಹುಬ್ಬು ಅಲ್ಲಾಡಿಸಲಿಲ್ಲ. ಗಂಟಲ ತಳದಿಂದ ಒಂದು ಸಣ್ಣ ‘ಹ್ಞೂಂ’ ಬಿಟ್ಟೆ. ಚಿಕ್ಕೇಗೌಡರ ಹೋರಿ ಎದ್ದು ನಿಂತಿತು. ಮುಕ್ಕಾಲು ಗಂಟೆ ಓಡಿತು.

ಆಮೇಲೆ ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ, ಎಲ್ಲಾ ಕಡೆ ಅದೇ ಹ್ಞೂಂ, ಅದೇ ಟಿಕ್ಕು. ಅಕ್ಕನ ಖುಷಿ ನೋಡಬೇಕಿತ್ತು. “ಚಂದ್ರು, ನಿಮ್ಮ ಜನ ಗೋಡೆಗೂ ಕತೆ ಹೇಳ್ತಾರೆ!” ಇದನ್ನೇ ಪ್ರಬಂಧದ ಮುಖ್ಯ ಅಧ್ಯಾಯ ಮಾಡಿಕೊಂಡು ಊರಿಗೆ ಹೋದರು. ಮೇ ತಿಂಗಳಲ್ಲಿ ಕನ್ನಡದ ಮಾತುಗಳನ್ನು ಅಕ್ಷರಕ್ಕೆ ಇಳಿಸಿಕೊಡು ಬಾ ಅಂತ ನನ್ನನ್ನು ಕರೆಸಿಕೊಂಡರು.

ಬ್ಯಾಗಿಗೆ ರಾಗಿಹಿಟ್ಟು ತುರುಕುತ್ತಾ ಅವ್ವ ಒಂದೇ ಬುದ್ಧಿ ಹೇಳಿದ್ದು: “ಅಲ್ಲೋಗಿ ಯಾರ್ನೂ ಅಣಕಿಸ್ಬ್ಯಾಡ ಕಣೋ. ಪರದೇಸ್ದಲ್ಲಿ ಒಡೆದ್ರೆ ಬುಡಿಸ್ಕಳಾಕೆ ಯಾರವ್ರೆ?”

ಮೊದಲ ದಿನ: ಉಸಿರೆಳೆಯುವ ಊರು

ಸ್ವೀಡನ್ನಿನ ಉತ್ತರದ ಒಂದು ಊರು. ಬೆಳ್ಳಗಿನ ಬರ್ಚ್ ಮರಗಳು, ಅಗಲವಾದ ನದಿ. ನದಿಯನ್ನು ನೋಡಿ ‘ಅಯ್ಯೋ ಕಾವೇರಿ’ ಅಂದುಕೊಂಡು ಕಾಲಿಟ್ಟೆ. ಮೇ ತಿಂಗಳಲ್ಲೂ ಅದು ಐಸು. ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಕಾಲಿಟ್ಟರೆ ಪಾಪ ಹೋಗುತ್ತದೆ, ಇಲ್ಲಿ ಕಾಲೇ ಹೋಗುತ್ತದೆ.

ಬಸ್ ಸ್ಟಾಪಿನಲ್ಲಿ ಹತ್ತು ಜನ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಎತ್ತಿನಗಾಡಿ ತಿರುಗಿಸುವಷ್ಟು ಜಾಗ. ನಾನು ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ಅಭ್ಯಾಸದಲ್ಲಿ ಮುಂದಿನವರ ಬೆನ್ನಿಗೆ ಬೆಚ್ಚಗೆ ನಿಂತೆ. ಅವರು ಒಂದು ಹೆಜ್ಜೆ ಮುಂದೆ ಹೋದರು. ನಾನೂ ಹೋದೆ. ಹೀಗೆ ಇಬ್ಬರೂ ಮುಂದಿನ ಸ್ಟಾಪಿನ ಹತ್ತಿರ ಬಂದಿದ್ದೆವು.

ಬಸ್ಸು ಬಂತು. ಡ್ರೈವರನ್ನು ಕೇಳಿದೆ, ಇದು ಯೂನಿವರ್ಸಿಟಿಗೆ ಹೋಗುತ್ತದಾ? ಅವನು ಕಣ್ಣರಳಿಸಿ ‘ಶ್ಶುಪ್’ ಅಂತ ಉಸಿರು ಒಳಗೆಳೆದುಕೊಂಡ. ಹಾವು ಕಂಡವರ ಹಾಗೆ. ನಾನು ಹಿಂದೆ ತಿರುಗಿ ನೋಡಿದೆ, ಏನೂ ಇಲ್ಲ. ಮತ್ತೆ ಕೇಳಿದೆ. ಮತ್ತೆ ‘ಶ್ಶುಪ್’. ಪಾಪ ದಮ್ಮಿನ ಕಾಯಿಲೆ ಅಂದುಕೊಂಡು ನೀರಿನ ಬಾಟ್ಲಿ ಚಾಚಿದೆ.

ಆ ಕಡೆಯವರು ‘ಹೌದು’ ಅನ್ನೋದೇ ಹಾಗಂತೆ. ಬಾಯಿ ತೆರೆದು ಹೇಳುವ ಕಷ್ಟ ಬೇಡ ಅಂತ ಮಾತನ್ನು ಒಳಕ್ಕೆ ಎಳೆದುಕೊಂಡುಬಿಡುತ್ತಾರೆ. ಅಕ್ಕ ಮಂಡ್ಯದಲ್ಲಿ ಒಮ್ಮೆಯೂ ಹಾಗೆ ಮಾಡಿರಲಿಲ್ಲ. ಕೇಳಿದರೆ, “ಅದು ಊರಲ್ಲಿದ್ದಾಗ ಮಾತ್ರ ಬರುತ್ತೆ” ಅಂದರು. ನಾನು ಸಂಜೆಯತನಕ ಅಭ್ಯಾಸ ಮಾಡಿ, ಬಾಯಲ್ಲಿದ್ದ ಚೂಯಿಂಗ್‌ಗಮ್ಮನ್ನೂ ಒಳಗೆಳೆದುಕೊಂಡು, ಕೆಮ್ಮಿ, ಕಣ್ಣೀರು ಹಾಕಿ, ಕೊನೆಗೆ ಕಲಿತೆ.

ಮೂರನೇ ದಿನ: ಕಾಫಿ ಕೋಣೆ

ಅಲ್ಲಿಯವರು ಇಂಗ್ಲಿಷಿನಲ್ಲಿ ಆಡಿದ್ದನ್ನೆಲ್ಲ ಇನ್ನು ಮುಂದೆ ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಬಿದ್ದದ್ದು ಹಾಗೇ.

ಮನಶ್ಶಾಸ್ತ್ರ ವಿಭಾಗ ಅಂದರೆ ಉದ್ದನೆ ಕಾರಿಡಾರು, ಎಲ್ಲಾ ಬಾಗಿಲೂ ಮುಚ್ಚಿರುತ್ತದೆ. ಒಳಗಿರುವವರೆಲ್ಲ ಮನುಷ್ಯರು ಹೇಗೆ ಬೆರೆಯುತ್ತಾರೆ ಅಂತ ಒಬ್ಬೊಬ್ಬರೇ ಕೂತು ಯೋಚಿಸುತ್ತಿರುತ್ತಾರೆ. ದಿನಕ್ಕೆ ಎರಡು ಸಲ ಮಾತ್ರ, ಬೆಳಗ್ಗೆ ಒಂಬತ್ತೂವರೆ, ಮಧ್ಯಾಹ್ನ ಎರಡೂವರೆ, ಬಾಗಿಲುಗಳೆಲ್ಲ ಒಟ್ಟಿಗೆ ತೆರೆದುಕೊಂಡು ಕಾಫಿ ಕೋಣೆಗೆ ಹೊರಡುತ್ತಾರೆ. ತಪ್ಪಿಸಿದರೆ ಕಾಯಿಲೆಯಾ ಅಂತ ವಿಚಾರಿಸುತ್ತಾರೆ. ಯಾರು ಯಾವ ವಾರ ಕೇಕು ತರಬೇಕು ಅಂತ ಗೋಡೆ ಮೇಲೆ ಪಟ್ಟಿ. ವಿಭಾಗದ ಮುಖ್ಯಸ್ಥರ ಹೆಸರೂ ಅದರಲ್ಲಿ ಇದೆ. ಅವರೇ ಕೇಕು ಮಾಡಿ ತರಬೇಕು, ಅವರ ಲೋಟ ಅವರೇ ತೊಳೆಯಬೇಕು.

ಆ ಮುಖ್ಯಸ್ಥರು ಲಾರ್ಸ್. ಆರೂಕಾಲು ಅಡಿ. ಎಲ್ಲರೂ ‘ಲಾರ್ಸ್’ ಅಂತ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ನಾಲಿಗೆ ಹೊರಳಲಿಲ್ಲ, ‘ಲಾರ್ಸ್ ಸಾರ್’ ಅಂದೆ. ‘ಸಾರ್’ ಅನ್ನೋದು ಅವರ ಮನೆತನದ ಹೆಸರು ಅಂತ ಹೊಸದಾಗಿ ಸೇರಿದ್ದ ಪಕ್ಕದವನು ತಿಳಿದುಕೊಂಡ. ದಿನಕ್ಕೆ ನಾಲ್ಕು ಮಾತಾಡಿದರೆ ಲಾರ್ಸ್ ಸಾರ್‌ಗೆ ಆವತ್ತು ಜ್ವರ ಅಂತ ಲೆಕ್ಕ.

ಆ ದಿನ ತಟ್ಟೆಯಲ್ಲಿ ಒಂದೇ ಒಂದು ತುಂಡು ಕೇಕು ಉಳಿಯಿತು. ಒಬ್ಬರು ಬಂದು ಅದನ್ನು ಅರ್ಧ ಮಾಡಿ ಅರ್ಧ ತೆಗೆದುಕೊಂಡರು. ಇನ್ನೊಬ್ಬರು ಉಳಿದರ್ಧದಲ್ಲಿ ಅರ್ಧ. ಮತ್ತೊಬ್ಬರು ಅದರರ್ಧ. ಕೊನೆಯ ತುಂಡನ್ನು ಯಾರೂ ಮುಟ್ಟುವ ಹಾಗಿಲ್ಲ. ಕೊನೆಗೆ ತಟ್ಟೆಯಲ್ಲಿ ಇರುವೆಗೂ ಸಾಲದಷ್ಟು ಉಳಿಯಿತು, ಹನ್ನೆರಡು ಪಿಎಚ್‌ಡಿಗಳು ಅದನ್ನೇ ನೋಡುತ್ತಾ ಕೂತರು. ನಮ್ಮ ಕಡೆ ಆಗಿದ್ದರೆ ‘ಸುಮ್ನೆ ತಿನ್ಲಾ, ದಾಕ್ಷಿಣ್ಯ ಮಾಡ್ಕಬ್ಯಾಡ’ ಅಂತ ಬಾಯಿಗೇ ತುರುಕುತ್ತಿದ್ದರು. ನಾನು ಬೆರಳು ಒದ್ದೆ ಮಾಡಿ ಒತ್ತಿ ಬಾಯಿಗೆ ಹಾಕಿಕೊಂಡೆ.

ಕೋಣೆ ಸ್ತಬ್ಧ. ಈ ಸ್ತಬ್ಧತೆಯನ್ನು ಒಡೆಯಬೇಕು ಅಂತ, ಬುದ್ಧಿ ಇಲ್ಲದೆ, ಲಾರ್ಸ್ ಸಾರ್ ಥರ ಎದ್ದು ನಿಂತು, ಕತ್ತು ಉದ್ದ ಮಾಡಿ, ಕೇಕಿನ ತಟ್ಟೆಯನ್ನು ಗುಂಡಿಯಲ್ಲಿ ಬಿದ್ದ ಕರುವನ್ನು ನೋಡುವ ಹಾಗೆ ನೋಡಿ, ಒಂದು ದೀರ್ಘ ‘ಶ್ಶುಪ್’ ಎಳೆದೆ. ಹನ್ನೊಂದು ಜನ ಬಿದ್ದುಬಿದ್ದು ನಕ್ಕರು. ಹನ್ನೆರಡನೆಯವರು ನನ್ನ ಹಿಂದೆ ನಿಂತಿದ್ದರು. ನಿಧಾನವಾಗಿ ತಿರುಗಿದೆ. ಲಾರ್ಸ್ ಸಾರ್ ನನ್ನನ್ನು ನೋಡಿ, ಸ್ವಲ್ಪ ಯೋಚಿಸಿ, ‘ಶ್ಶುಪ್’ ಅಂದರು.

ಅವ್ವ ಹೇಳಿದ ಹಾಗೆ ಯಾರೂ ಹೊಡೆಯಲಿಲ್ಲ. ಅಂದಿನಿಂದ ಕಾಫಿ ಹೊತ್ತಿಗೆ ಅದೇ ಕೆಲಸ: ‘ಚಂದ್ರು, ನನ್ನ ಥರ ಮಾಡು.’ ನನಗೆ ಕೊಂಬು ಬಂತು. ಅದು ಎಂಥ ಕೊಂಬು ಅಂತ ಆಮೇಲೆ ಗೊತ್ತಾಯಿತು.

ಎಂಟನೇ ದಿನ: ಹೆಡ್‌ಫೋನು

ಎಮಿಲ್ ಅನ್ನುವ ಹುಡುಗ ವಿಭಾಗದಲ್ಲಿ ರೆಕಾರ್ಡಿಂಗ್ ಕೇಳಿ ಗುರುತು ಹಾಕುವವನು. ಕನ್ನಡ ಬಾರದು. ಎಲ್ಲಿ ಮಾತು, ಎಲ್ಲಿ ಮೌನ, ಎಲ್ಲಿ ಹೊರಗಿನ ಸದ್ದು, ಅಷ್ಟೇ ಬರೆಯೋದು. ಹೆಡ್‌ಫೋನು ಕತ್ತಿಗೆ ಇಳಿಸಿ ಕೇಳಿದ:

“ಚಂದ್ರು, ನಿಮ್ಮ ಕಡೆ ಮನೆ ಒಳಗೇ ದನ ಕಟ್ತೀರಾ?”

“ಇಲ್ವಲ್ಲ. ಯಾಕೆ?”

“ಇಲ್ಲಿ ಒಂದೈತೆ ನೋಡು.”

ಹೆಡ್‌ಫೋನು ನನ್ನ ಕಿವಿಗಿಟ್ಟ. ಚಿಕ್ಕೇಗೌಡರ ದನಿ: ‘ಹೋರಿ ಬೇಲಿ ಆರ್ಬುಡ್ತು ಕನಪ್ಪ.’ ಆಮೇಲೆ ಗಂಟಲ ಆಳದಿಂದ, ಗಂಭೀರವಾಗಿ: ‘ಹ್ಞೂಂ.’

ಪರದೆಯ ಮೇಲೆ ಎಮಿಲ್ ಬರೆದಿದ್ದ: ಹಿನ್ನೆಲೆ ಶಬ್ದ, ಪ್ರಾಣಿ, ಬಹುಶಃ ಎಮ್ಮೆ. ಕೆಳಗೆ ಮತ್ತೆ: ಎಮ್ಮೆ. ಮತ್ತೆ: ಎಮ್ಮೆ. ಪುಟಗಟ್ಟಲೆ.

“ವಿಚಿತ್ರ ಏನಂದ್ರೆ,” ಅಂದ ಎಮಿಲ್, “ನಾಗಮಂಗಲದಲ್ಲೂ ಇದೇ ಎಮ್ಮೆ. ಪಾಂಡವಪುರದಲ್ಲೂ ಇದೇ. ನಿಮ್ ಜತೆ ಬಸ್ಸಲ್ಲಿ ಬತ್ತಿತ್ತಾ?”

“ನಮ್ ಕಡೆ ಎಲ್ಲಾ ಎಮ್ಮೆಗೂ ಒಂದೇ ರಾಗ ಕಣೋ,” ಅಂದೆ.

“ಒಳ್ಳೇ ಸಂಸ್ಕಾರದ್ದು ಕಣಪ್ಪ. ಯಾರಾದ್ರೂ ಮಾತಾಡ್ತಿದ್ರೆ ಮಧ್ಯೆ ಬಾಯಾಕಲ್ಲ.”

ನಗುನಗುತ್ತಾ ಎದ್ದು ಬಂದೆ, ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ. ಯಾಕೆಂದರೆ ಅದೇ ಬೆಳಗ್ಗೆ ಅಕ್ಕ ಹೇಳಿದ್ದರು: ಗುರುವಾರ ಇಡೀ ವಿಭಾಗದ ಎದುರು ಅಧ್ಯಾಯ ಮಂಡಿಸುತ್ತಾರೆ. ಒಪ್ಪಿಗೆ ಸಿಕ್ಕರೆ ಶರತ್ಕಾಲಕ್ಕೆ ಪ್ರಬಂಧ ಸಲ್ಲಿಕೆ. ಐದು ವರ್ಷದ ಕೆಲಸ ಮುಗಿದ ಹಾಗೆ. ಸಿಗದಿದ್ದರೆ ಏನು ಅಂತ ಕೇಳಿದ್ದಕ್ಕೆ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಕಚ್ಚಿದರು. ನನ್ನೆದುರೇ ಅಭ್ಯಾಸ ಮಾಡಿದರು: “ಮಂಡ್ಯದ ಜನ ಗೋಡೆಯ ಎದುರಲ್ಲೂ ಮಾತು ನಿಲ್ಲಿಸುವುದಿಲ್ಲ.” ಹೇಳುವಾಗ ಹಬ್ಬದ ಮುಖ.

ಸಂಜೆ ಊರಿಗೆ ಫೋನು ಮಾಡಿದೆ. ಅಪ್ಪ ಎತ್ತಿದರು. ಬಳಸಿಬಳಸಿ ಹೇಳಿದೆ.

“ಚೌಕಟ್ಟು ಸೊಟ್ಟ ಕೂರ್ಸಿದ್ರೆ ಗಾರೆ ಮೆತ್ತಿ ಮುಚ್ಬೋದು ಕಣ್ಲಾ,” ಅಂದರು ಅಪ್ಪ. “ಬಾಗ್ಲು ಆಕುವಾಗ ಗೊತ್ತಾಯ್ತದೆ. ಅಷ್ಟೊತ್ಗೆ ಮನೆಯೋರು ಒಕ್ಲು ಬಂದಿರ್ತಾರೆ. ಮೊದ್ಲೇ ಕಿತ್ಬುಡು.”

ಕೀಳೋಣ ಅಂತಲೇ ಮಾರನೇ ದಿನ ಅಕ್ಕನ ಬಾಗಿಲು ತಟ್ಟಿದೆ. “ಸ್ವಲ್ಪ ಮಾತಾಡ್ಬೇಕಿತ್ತು.”

“ಕ್ಯಾಲೆಂಡರಿಗೆ ಹಾಕು ಚಂದ್ರು.” ಅಲ್ಲಿ ಎಲ್ಲದಕ್ಕೂ ಕ್ಯಾಲೆಂಡರು. ಬಟ್ಟೆ ಒಗೆಯುವ ಮಿಷನ್ನಿಗೂ, ಸ್ನೇಹಿತನ ಮನೆಗೆ ಹೋಗೋಕೂ. ನಾನು ‘ತಪ್ಪೊಪ್ಪಿಗೆ, ಹದಿನೈದು ನಿಮಿಷ’ ಅಂತ ಹಾಕಿದೆ. ಖಾಲಿ ಜಾಗ ಸಿಕ್ಕಿದ್ದು ಶುಕ್ರವಾರ. ಸೆಮಿನಾರಿನ ಮಾರನೇ ದಿನ. ಅಕ್ಕ ಅದನ್ನೂ ನನ್ನ ಹೊಸ ಮಿಮಿಕ್ರಿ ಅಂದುಕೊಂಡು ನಗುವ ಗುರುತು ಹಾಕಿ ಒಪ್ಪಿದರು. ಕಾರಿಡಾರಲ್ಲಿ ಹಿಡಿಯೋಣ ಅಂದರೆ ಓಡುತ್ತಿದ್ದರು. ನಾನೂ, ನಿಜ ಹೇಳಬೇಕಂದರೆ, ಅವರಷ್ಟು ಜೋರಾಗಿ ಓಡಲಿಲ್ಲ.

ಗುರುವಾರ: ಸೆಮಿನಾರು

ಇಡೀ ವಿಭಾಗ ಬಂದು ಕೂತಿತ್ತು, ಮಧ್ಯೆ ಎರಡೆರಡು ಕುರ್ಚಿ ಬಿಟ್ಟುಕೊಂಡು. ಅಕ್ಕ ಚೆನ್ನಾಗಿ ಶುರು ಮಾಡಿದರು. ಆಮೇಲೆ, “ಒಂದು ಉದಾಹರಣೆ ಕೇಳಿಸ್ತೀನಿ” ಅಂತ ಚಿಕ್ಕೇಗೌಡರನ್ನು ಹಾಕಿದರು.

ಸಿಂಧಘಟ್ಟದ ಹೋರಿ ಸ್ವೀಡನ್ನಿನ ಗೋಡೆಗಳ ಮಧ್ಯೆ ಓಡತೊಡಗಿತು. ‘ಹ್ಞೂಂ.’ ಯಾರೋ ನಕ್ಕರು. ‘ಹ್ಞೂಂ.’ ಎಮಿಲ್ ಎದ್ದು ಹೆಮ್ಮೆಯಿಂದ, “ಅದು ಎಮ್ಮೆ, ನಾನೇ ಗುರುತು ಹಾಕಿದ್ದು” ಅಂದ. ಆ ಸದ್ದನ್ನು ಸೋಸಿ ತೆಗೆಯುತ್ತೇವೆ ಅಂದರು ಅಕ್ಕ.

ಲಾರ್ಸ್ ಸಾರ್ ಕೈ ಎತ್ತಿದರು. ಇಡೀ ಸಭೆ ತಿರುಗಿತು.

“ಎಮ್ಮೆ ಯಾವಾಗ್ಲೂ ವಾಕ್ಯ ಮುಗಿದ ಮ್ಯಾಲೇ ಯಾಕೆ ಅರಚ್ತದೆ?”

ಅಕ್ಕ ಪರದೆ ನೋಡಿದರು, ಎಮಿಲ್‌ನನ್ನು ನೋಡಿದರು. ಇನ್ನು ಐದು ನಿಮಿಷ ಬಿಟ್ಟರೆ ಅವರೇ ಗೊತ್ತುಮಾಡಿಕೊಳ್ಳುತ್ತಿದ್ದರು, ಎಲ್ಲರ ಎದುರು, ಒಬ್ಬರೇ. ನಾನು ಎದ್ದು ನಿಂತೆ.

“ಅದು ಎಮ್ಮೆ ಅಲ್ಲ. ನಾನು.”

ಸಭೆ ಗೊಳ್ಳೆಂದು ನಕ್ಕಿತು. ಕೆಲವರು ಚಪ್ಪಾಳೆ ಹೊಡೆದರು. ವಾರವಿಡೀ ಅವರನ್ನು ನಗಿಸಿದ್ದಕ್ಕೆ ಸಿಕ್ಕಿದ ಕೂಲಿ ಇದು. “ಚಂದ್ರು, ಮೂಸ್‌ನೂ ಮಾಡು” ಅಂತ ಯಾರೋ ಕೂಗಿದರು. ಮೂಸ್ ಅಂದರೆ ಅವರ ಕಾಡಿನ ದೊಡ್ಡ ಕಡವೆ.

“ತಮಾಷೆ ಅಲ್ಲ,” ಅಂದೆ. ಇನ್ನೂ ನಕ್ಕರು.

ಬೇರೆ ದಾರಿ ಇರಲಿಲ್ಲ. ಮುಂದೆ ಹೋಗಿ ಕುರ್ಚಿಯಲ್ಲಿ ಕೂತೆ. ರೆಕಾರ್ಡಿಂಗ್ ಮತ್ತೆ ಹಾಕಲು ಎಮಿಲ್‌ಗೆ ಸನ್ನೆ ಮಾಡಿದೆ. ತುಟಿ ಮುಚ್ಚಿ, ಮುಖ ಕಲ್ಲು ಮಾಡಿಕೊಂಡು, ಚಿಕ್ಕೇಗೌಡರು ನಿಲ್ಲಿಸಿದ ಕಡೆಯಲ್ಲೆಲ್ಲ ಹ್ಞೂಂ ಅಂದೆ. ಎರಡು ಎಮ್ಮೆಗಳು ಒಂದೇ ತಾಳಕ್ಕೆ ಕೂಡಿಕೊಂಡವು. ಮೂರನೇ ಹ್ಞೂಂಗೆ ಮುಂದಿನ ಸಾಲು ನಗು ನಿಲ್ಲಿಸಿತು. ಐದನೆಯದಕ್ಕೆ ಹಿಂದಿನ ಸಾಲೂ ನಿಲ್ಲಿಸಿತು. ಜೀವನದಲ್ಲಿ ನನ್ನದೇ ಮಿಮಿಕ್ರಿ ಅಷ್ಟು ಸರಿಯಾಗಿ ಬಂದದ್ದು ಅದೊಂದೇ ಸಲ. ಅದನ್ನು ನೋಡಿ ಯಾರಿಗೂ ಸಂತೋಷವಾಗದೇ ಇದ್ದದ್ದೂ ಅದೊಂದೇ ಸಲ.

ಅಕ್ಕ ಕೇಳಿದರು, “ಎಷ್ಟರಲ್ಲಿ?”

“ಶ್ರೀರಂಗಪಟ್ಟಣದ ಮೊದಲ ನಾಲ್ಕು ಬಿಟ್ಟು ಎಲ್ಲದರಲ್ಲೂ.”

“ಆ ನಾಲ್ಕನ್ನ ನಾನು ತೆಗೆದುಹಾಕಿದೀನಿ.”

“ಗೊತ್ತು ಅಕ್ಕ.”

“ಎಲ್ಲದರಲ್ಲೂ ಟಿಕ್ಕು ಹಾಕಿದೀಯ.”

“ಹಾಕಿದೀನಿ.”

ನಮ್ಮ ಕಡೆ ಕತೆ ಕೇಳುವ ರೀತಿ, ಹೂಂ ಇಲ್ಲದಿದ್ದರೆ ಕತೆ ಸಾಯುವ ರೀತಿ, ಎಲ್ಲಾ ತೊದಲುತ್ತಾ ಹೇಳಿದೆ. ಯಾರೂ ಶ್ಶುಪ್ ಅನ್ನಲಿಲ್ಲ. ಕೊನೆಗೆ ಲಾರ್ಸ್ ಸಾರ್ ಎದ್ದರು. ಅವರು ಅಷ್ಟುದ್ದ ಮಾತಾಡಿದ್ದನ್ನು ವಿಭಾಗದವರು ಕೇಳಿದ್ದೇ ಇಲ್ಲವಂತೆ.

“ಯೋಹಾನಾ, ನೀನು ತಿಪ್ಪೆಗೆ ಎಸೆದವೇ ನಿನ್ನ ನಿಜವಾದ ಗೋಡೆಗಳು. ಮಂಡ್ಯದೋರು ನಮ್ಮೋರಿಗಿಂತ ಬೇಗ ನಿಲ್ಲಿಸ್ಬುಟ್ಟವ್ರೆ. ಇದು ನೀನು ಹೇಳಿದ್ದಕ್ಕಿಂತ ಒಳ್ಳೇ ಸುದ್ದಿ. ಆದ್ರೆ ಮನೆ ಕಟ್ಟಕ್ಕೆ ನಾಕು ಗೋಡೆ ಸಾಕು, ಪ್ರಬಂಧಕ್ಕೆ ಸಾಲಾಕಿಲ್ಲ. ಇನ್ನೊಂದ್ಸಲ ಹೋಗಿ ಬಾ.”

ಅಂದರೆ ಶರತ್ಕಾಲ ಹೋಯಿತು. ಅಕ್ಕನಿಗೆ ಇನ್ನೊಂದು ವರ್ಷ. ಜನ ಕುರ್ಚಿ ಸದ್ದಾಗದ ಹಾಗೆ ಎದ್ದು ಹೋದರು. ಎಮಿಲ್ ನನ್ನ ಪಕ್ಕ ಹಾಯುವಾಗ ಮೆಲ್ಲಗೆ, “ನಂಗೆ ಆ ಎಮ್ಮೆ ಮ್ಯಾಲೆ ಬಾಳ ಪ್ರೀತಿ ಇತ್ತು ಕಣೋ” ಅಂದ.

ಅದೇ ಗುರುವಾರ: ಎರಡು ಕುರ್ಚಿಯ ಕೋಣೆ

ಅಕ್ಕ ಒಂದೇ ಮಾತು ಹೇಳಿದ್ದು: “ಬಾ.” ರೆಕಾರ್ಡಿಂಗ್ ಮಾಡುವ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ, ಎದುರಿಗೆ ಕೂರಿಸಿದರು.

“ಬಾಯಿ ಮುಚ್ಕೊಂಡು ಕೂತ್ಕೊ. ನಾನು ಬಯ್ಯಬೇಕು.”

ನಾನು ಕೂತೆ. ಭಯಕ್ಕೆ ಗೋಡೆಯಾಗುವ ವಿದ್ಯೆ ತಾನಾಗಿ ಬಂದುಬಿಟ್ಟಿತು.

“ನೀನು ನನಗೆ ಮೋಸ ಮಾಡಿದೆ,” ಅಂದರು. ಮಾತು ನಿಂತಿತು. “ಐದು ವರ್ಷ ಚಂದ್ರು. ನಮ್ಮಮ್ಮ ಪ್ರತಿ ಭಾನುವಾರ ಕೇಳ್ತಾಳೆ, ಮುಗೀತಾ ಅಂತ. ಈ ಭಾನುವಾರ ಹೌದು ಅನ್ನೋಣ ಅಂತಿದ್ದೆ.” ಮತ್ತೆ ನಿಂತಿತು. ನನ್ನ ಮುಖ ನೋಡಿದರು, ಕಿಟಕಿ ನೋಡಿದರು. “ನಾನು ಹೊರಗೆ ಬಿಸಿಲಲ್ಲಿ ಕೂತು, ಒಳಗೆ ಅಷ್ಟು ಹೊತ್ತು ಮಾತು ಕೇಳಿಸ್ತಿದ್ರೆ...” ವಾಕ್ಯ ಅರ್ಧಕ್ಕೇ ಬಿದ್ದುಹೋಯಿತು. ಎರಡನೇ ನಿಮಿಷಕ್ಕೆ ಬೈಗುಳ ಒಣಗಿತು. ಕೆನ್ನೆ ಕೆಂಪಾಗಿ ಕೂತಿದ್ದರು, ಒಳಗೆ ಇನ್ನೂ ಒಂದು ಗಾಡಿಯಷ್ಟು ಬೈಗುಳ ಇದೆ ಅಂತ ನನಗೂ ಕಾಣುತ್ತಿತ್ತು, ಹೊರಗೆ ಬರುತ್ತಿಲ್ಲ.

ಆಮೇಲೆ ಮೇಜು ಗುದ್ದಿ, ಕನ್ನಡದಲ್ಲಿ, ಕೂಗಿದರು:

“ಹೂಂ ಅನ್ನೋ!”

“ಹ್ಞೂಂ,” ಅಂದೆ.

ಬಂತು ನೋಡಿ. ಪೂರಾ ಮುಕ್ಕಾಲು ಗಂಟೆ. ಇಂಗ್ಲಿಷು ಮುಗಿದಾಗ ಸ್ವೀಡಿಷಿನಲ್ಲಿ, ಸ್ವೀಡಿಷು ಸಾಲದ ಕಡೆ ಪಾಂಡವಪುರದಲ್ಲಿ ಕಲಿತದ್ದರಲ್ಲಿ. ನನ್ನ ಟಿಕ್ಕುಗಳನ್ನು ಬಯ್ದರು, ನನ್ನ ಮಿಮಿಕ್ರಿಯನ್ನು ಬಯ್ದರು, ಒಳಗೆ ಇಣುಕಿ ನೋಡದ ತಮ್ಮನ್ನೂ ಬಯ್ದುಕೊಂಡರು. ನಾನು ಒಂದೊಂದಕ್ಕೂ ಹ್ಞೂಂ ಅಂದೆ, ಈ ಸಲ ಬಾಯಿ ತೆರೆದು. ಎಲ್ಲೋ ಮಧ್ಯದಲ್ಲಿ ಬೈಗುಳ ತಾನಾಗಿ ಕೆಲಸದ ಪಟ್ಟಿಯಾಗಿತ್ತು. ಡಿಸೆಂಬರಿಗೆ ಮತ್ತೆ ಶ್ರೀರಂಗಪಟ್ಟಣದಿಂದ ಶುರು. ಹ್ಞೂಂ. ಗೋಡೆಗೆ ಬೇರೆ ಯಾರನ್ನಾದರೂ ಹುಡುಕುವುದು. ಹ್ಞೂಂ. ಉಳಿದ ದಿನಗಳಲ್ಲಿ ಎಲ್ಲಾ ರೆಕಾರ್ಡಿಂಗ್ ಕೂತು ಕೇಳಿ, ನನ್ನ ಒಂದೊಂದು ಹ್ಞೂಂ ಎಲ್ಲಿದೆ ಅಂತ ನಾನೇ ಬರೆದುಕೊಡುವುದು. ಹ್ಞೂಂ.

ಕೊನೆಗೆ ಉಸಿರು ಬಿಟ್ಟು, ಚೆದುರಿದ ಕೂದಲು ಹಿಂದಕ್ಕೆ ಕಟ್ಟಿಕೊಂಡರು.

“ಪ್ರಬಂಧದ ಕೃತಜ್ಞತೆಯಲ್ಲಿ ನಿನ್ನ ಹೆಸರು ಹಾಕಲ್ಲ.”

“ಹ್ಞೂಂ.”

“ಉಪಕರಣಗಳ ಪಟ್ಟಿಯಲ್ಲಿ ಹಾಕ್ತೀನಿ. ಕ್ಯಾಮೆರಾ ಒಂದು, ಮೈಕು ಎರಡು, ಎಮ್ಮೆ ಒಂದು.”

“ಹ್ಞೂಂ ಅಕ್ಕ,” ಅಂದೆ.